ಮೇಜರ್ ಜೀಪಿನ ಇಂಜಿನ್: ಬೋರಿಂಗ್ ಮಾಡಿಸುವುದೋ, ಬೇರೆ ಇಂಜಿನ್ ಇಡುವುದೋ

ಬೋರಿಂಗ್ ಎಂದರೆ ಸವೆದ ಇಂಜಿನ್ನಿನ ಸಿಲಿಂಡರುಗಳನ್ನು ಹೊಸದಾಗಿ ಕೊರೆಸಿ ಪೂರ್ತಿ ರಿಪೇರಿ ಮಾಡಿಸುವುದು.

ಗಾಡಿ: 2007ರ ಮಹೀಂದ್ರ ಮೇಜರ್, ಫೋರ್ ವೀಲ್ ಡ್ರೈವ್. 2523 ಸಿಸಿ ಎಂಡಿಐ (ಮಹೀಂದ್ರದ ಡೈರೆಕ್ಟ್ ಇಂಜೆಕ್ಷನ್) ಡೀಸೆಲ್, ಬೋರ್ (ಸಿಲಿಂಡರಿನ ಒಳಗಿನ ಅಗಲ) 88.9 ಮಿ.ಮೀ., ಸ್ಟ್ರೋಕ್ (ಪಿಸ್ಟನ್ ಮೇಲೆ ಕೆಳಗೆ ಓಡುವ ದೂರ) 101.6 ಮಿ.ಮೀ. ಮಡಿಕೇರಿ ಹತ್ತಿರದ ಕಾಫಿ ತೋಟದ ಗಾಡಿ. ಗೊಬ್ಬರ, ಕಾಫಿ ಮೂಟೆ, ಸ್ಪ್ರೇ ಡ್ರಮ್ ಹೊರುವುದೇ ಇದರ ಕೆಲಸ. ಮೀಟರ್ ತೋರಿಸುತ್ತಿದ್ದದ್ದು 1,18,000 ಕಿ.ಮೀ.

ತೋಟದ ಗಾಡಿಯಲ್ಲಿ ಆ ಮೀಟರನ್ನು ನಂಬಬಾರದು. ಗಂಟೆಗೆ 10 ಕಿ.ಮೀ. ವೇಗದಲ್ಲಿ 2000 ಆರ್‌ಪಿಎಂ ಇಟ್ಟು ಏರು ಹತ್ತಿದರೆ ಒಂದು ಕಿ.ಮೀ.ಗೆ ಇಂಜಿನ್ 12,000 ಸುತ್ತು ತಿರುಗುತ್ತದೆ. ಕುಶಾಲನಗರದ ರಸ್ತೆಯಲ್ಲಿ 60ರ ವೇಗದಲ್ಲಿ 2400 ಆರ್‌ಪಿಎಂ ಇದ್ದರೆ ಅದೇ ಒಂದು ಕಿ.ಮೀ.ಗೆ 2400 ಸುತ್ತು. ಐದು ಪಟ್ಟು ವ್ಯತ್ಯಾಸ. ಆಯಿಲ್ ಬದಲಿಸುವುದನ್ನು ಕಿ.ಮೀ. ನೋಡಿ ಮಾಡಿದ್ದು ಈ ಇಂಜಿನ್ ಬೇಗ ಸವೆಯಲು ಒಂದು ಕಾರಣ.

ತೊಂದರೆ: ಬೆಳಗ್ಗೆ ಸೆಲ್ಫ್ ಹೊಡೆದು ಹೊಡೆದು ಸ್ಟಾರ್ಟ್, ಬಿಸಿಯಾಗುವವರೆಗೆ ನೀಲಿ ಹೊಗೆ, ಆಯಿಲ್ ಮುಚ್ಚಳ ತೆಗೆದರೆ ಬುಸುಬುಸು ಬ್ಯಾಕ್ ಕಂಪ್ರೆಷನ್ (ಸಿಲಿಂಡರಿನ ಗಾಳಿ ಪಿಸ್ಟನ್ ಪಕ್ಕದಿಂದ ಕೆಳಗಿಳಿದು ಹೊರಬರುವುದು), 400 ಕಿ.ಮೀ.ಗೆ ಒಂದು ಲೀಟರ್ ಆಯಿಲ್ ಖಾಲಿ. ಏರಿನಲ್ಲಿ ರೇಡಿಯೇಟರ್‌ನಲ್ಲಿ ಗುಳ್ಳೆ.

ಮಾರ್ಚ್ 18: ಮೊದಲ ತಪ್ಪು

ಗುಳ್ಳೆ ನೋಡಿದ ಕೂಡಲೇ ಹೆಡ್ ಗ್ಯಾಸ್ಕೆಟ್ (ಸಿಲಿಂಡರುಗಳ ಮೇಲಿನ ಮುಚ್ಚಳವಾದ ಹೆಡ್ಡಿನ ಕೆಳಗಿನ ಪ್ಯಾಕಿಂಗ್) ಹೋಗಿದೆ ಎಂದು ತೀರ್ಮಾನಿಸಿ ಹೆಡ್ ಎತ್ತಿ, ಹೊಸ ಗ್ಯಾಸ್ಕೆಟ್ ಹಾಕಿ ಕೂರಿಸಿದೆವು. ಖರ್ಚು 4,600 ರೂ. ಹೆಡ್ಡಿನ ಮೇಲೆ ಸ್ಟ್ರೈಟ್ ಎಡ್ಜ್ (ಸಮತಟ್ಟು ನೋಡುವ ನೇರ ಪಟ್ಟಿ) ಇಟ್ಟು ನೋಡಲಿಲ್ಲ, ಕಂಪ್ರೆಷನ್ (ಸಿಲಿಂಡರಿನೊಳಗಿನ ಗಾಳಿಯ ಒತ್ತಡ) ಅಳೆಯಲಿಲ್ಲ, ಬೋರಿನ ಮೇಲಂಚಿಗೆ ಉಗುರು ಕೂಡ ತಾಗಿಸಲಿಲ್ಲ. ಹದಿನೈದು ದಿನಕ್ಕೆ ಗುಳ್ಳೆ ಮತ್ತೆ ಬಂತು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಹೆಡ್ ಎತ್ತುವ ಮುಂಚೆ ಕಂಪ್ರೆಷನ್ ಗೇಜ್ ಹಾಕಿದ್ದರೆ ಅರ್ಧ ಗಂಟೆಯ ಕೆಲಸದಲ್ಲಿ ವಿಷಯ ತಿಳಿಯುತ್ತಿತ್ತು.

ಏಪ್ರಿಲ್ 2: ಕಂಪ್ರೆಷನ್

ಇಂಜಿನ್ ಬಿಸಿ ಮಾಡಿ, ಡೀಸೆಲ್ ಸಿಂಪಡಿಸುವ ನಾಲ್ಕೂ ನಾಜಲ್ ಬಿಚ್ಚಿ, ನಾಜಲ್ ಜಾಗಕ್ಕೆ ಅಡಾಪ್ಟರ್ ಕೂರಿಸಿ ಡೀಸೆಲ್ ಗೇಜ್ ಹಾಕಿದೆವು. ಪೆಟ್ರೋಲ್ ಗೇಜ್ ಬಳಸಬೇಡಿ, ಒಡೆಯುತ್ತದೆ. ಸ್ಟಾಪ್ ಲಿವರ್ ಎಳೆದೇ ಇರಬೇಕು. ಬ್ಯಾಟರಿ ಪೂರ್ತಿ ಚಾರ್ಜ್ ಇರಬೇಕು, ಸೆಲ್ಫ್ ನಿಧಾನವಾದರೆ ಒತ್ತಡ ಸುಳ್ಳೇ ಕಡಿಮೆ ಬರುತ್ತದೆ.

1ನೇ ಸಿಲಿಂಡರ್ 325 ಪಿಎಸ್‌ಐ, 2ನೆಯದು 250, 3ನೆಯದು 230, 4ನೆಯದು 320.

ಇಲ್ಲಿ ನಮ್ಮ ಊರಿನ ಎತ್ತರವನ್ನು ಲೆಕ್ಕಕ್ಕೆ ಹಿಡಿಯಬೇಕು. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಮೇಲಿದೆ. ಗಾಳಿಯ ಒತ್ತಡ ಕೆಳಗಿನ ಊರಿಗಿಂತ ಶೇಕಡಾ 13ರಷ್ಟು ಕಡಿಮೆ. ಮಂಗಳೂರಿನಲ್ಲಿ 400 ತೋರಿಸುವ ಒಳ್ಳೆಯ ಇಂಜಿನ್ ಇಲ್ಲಿ 350ರ ಆಸುಪಾಸು ತೋರಿಸಿದರೆ ಹೆದರಬೇಕಾಗಿಲ್ಲ. ಅದಕ್ಕೇ ಬರಿ ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ವ್ಯತ್ಯಾಸಕ್ಕೆ ಹೆಚ್ಚು ಬೆಲೆ ಕೊಡಬೇಕು. 325 ಮತ್ತು 230, ಇದು ದೊಡ್ಡ ವ್ಯತ್ಯಾಸ.

ಮುಂದೆ ಆಯಿಲ್ ಬಿಟ್ಟು ಪರೀಕ್ಷೆ. ಪ್ರತಿ ಸಿಲಿಂಡರ್‌ಗೆ 3 ಮಿ.ಲೀ. ಇಂಜಿನ್ ಆಯಿಲ್, ಸಿರಿಂಜಿನಲ್ಲಿ ಅಳೆದು. ಕೆಲವರು ಒಂದು ಮುಚ್ಚಳ ತುಂಬ ಸುರಿಯುತ್ತಾರೆ, ಅದು ತಪ್ಪು. ಈ ಇಂಜಿನ್ನಿನ ಒಂದು ಸಿಲಿಂಡರ್ 631 ಸಿಸಿ. ಕಂಪ್ರೆಷನ್ ಅನುಪಾತ 18:1 ಅಂದುಕೊಂಡರೆ ಪಿಸ್ಟನ್ ಮೇಲೆ ಬಂದಾಗ ಉಳಿಯುವ ಜಾಗ ಬರೇ 37 ಸಿಸಿ. ಅದರೊಳಗೆ 10 ಸಿಸಿ ಆಯಿಲ್ ನಿಂತರೆ ಜಾಗವೇ ಕಿರಿದಾಗಿ ಸವೆದ ಇಂಜಿನ್ ಕೂಡ ಒಳ್ಳೆಯ ಅಂಕಿ ತೋರಿಸುತ್ತದೆ. ಇನ್ನೂ ಹೆಚ್ಚು ಸುರಿದರೆ ಕಾನ್‌ರಾಡ್ ಬಗ್ಗುತ್ತದೆ.

ಫಲಿತಾಂಶ: 2ನೆಯದು 250ರಿಂದ 320ಕ್ಕೆ ಏರಿತು. ಅಂದರೆ ಪಿಸ್ಟನ್ ರಿಂಗ್, ಬೋರ್ ಸವೆದಿದೆ, ಆಯಿಲ್ ಆ ಸಂದನ್ನು ತಾತ್ಕಾಲಿಕವಾಗಿ ಮುಚ್ಚಿತು. 3ನೆಯದು 230ರಿಂದ 250ಕ್ಕೆ ಮಾತ್ರ. ಅಂದರೆ ಅಲ್ಲಿ ಗಾಳಿ ಬೇರೆ ದಾರಿಯಲ್ಲಿ ಹೋಗುತ್ತಿದೆ: ವಾಲ್ವ್, ಇಲ್ಲವೇ ಹೆಡ್. ಬಿಸಿ ಇಂಜಿನ್ನಿನ ಐಡ್ಲಿಂಗ್‌ನಲ್ಲಿ ಆಯಿಲ್ ಪ್ರೆಶರ್ 8 ಪಿಎಸ್‌ಐ. ಇದನ್ನು ಡ್ಯಾಶ್‌ಬೋರ್ಡಿನ ಮುಳ್ಳು ನೋಡಿ ಹೇಳಿದ್ದಲ್ಲ, ಸ್ವಿಚ್ ಬಿಚ್ಚಿ ಬೇರೆ ಗೇಜ್ ಹಾಕಿ ನೋಡಿದ್ದು.

ಏಪ್ರಿಲ್ 5: ನಾಲ್ಕು ದಾರಿ, ಅವುಗಳ ಲೆಕ್ಕ

ಒಂದು, ರಿಂಗ್ ಮತ್ತು ಬೇರಿಂಗ್ ಮಾತ್ರ ಬದಲಿಸುವುದು. 18,000ದಲ್ಲಿ ಮುಗಿಯುತ್ತದೆ ಎಂದರು.

ಎರಡು, ಪೂರ್ತಿ ಇಂಜಿನ್ ಕೆಲಸ: ಲೈನರ್ (ಸಿಲಿಂಡರಿನ ಒಳ ಕೊಳವೆ), ಪಿಸ್ಟನ್, ಕ್ರ್ಯಾಂಕ್ ಗ್ರೈಂಡಿಂಗ್ (ಪಿಸ್ಟನ್‌ಗಳು ತಿರುಗಿಸುವ ಶಾಫ್ಟನ್ನು ಉಜ್ಜುವುದು), ಹೆಡ್, ನಾಜಲ್. ಅಂದಾಜು 80,000ದಿಂದ 95,000.

ಮೂರು, ಬೆಂಗಳೂರಿನ ಗುಜರಿಯಿಂದ ಅದೇ ಮಾದರಿಯ ಹಳೆ ಇಂಜಿನ್. ಕೇಳಿದ ಬೆಲೆ 70,000.

ನಾಲ್ಕು, ಬೊಲೆರೊದ ಟರ್ಬೊ ಡಿಐ ಇಂಜಿನ್ ಇಡುವುದು. ಬ್ಲಾಕ್ (ಸಿಲಿಂಡರುಗಳಿರುವ ಇಂಜಿನ್ನಿನ ಮುಖ್ಯ ಒಡಲು) ಸಂಬಂಧದ್ದೇ ಆದರೂ ಚೇಂಬರ್ (ಇಂಜಿನ್ ತಳದ ಆಯಿಲ್ ತೊಟ್ಟಿ), ಮೌಂಟಿಂಗ್ ಬ್ರಾಕೆಟ್, ಸೈಲೆನ್ಸರ್ ಪೈಪ್, ಟರ್ಬೊಗೆ ಹೋಗುವ ಆಯಿಲ್ ಲೈನ್ ಎಲ್ಲವನ್ನೂ ಒಂದೊಂದಾಗಿ ಹೊಂದಿಸಬೇಕು. ತೋಟದಲ್ಲಿ ಎರಡನೇ ಗೇರಿನಲ್ಲಿ ಓಡುವ ಗಾಡಿಗೆ ಇದು ಬೇಕಿಲ್ಲ ಎಂದು ಆ ದಿನವೇ ಕೈಬಿಟ್ಟೆವು.

ಮೂರನೆಯದು ಮೇಲ್ನೋಟಕ್ಕೆ ಅಗ್ಗ. ಆದರೆ 70,000ಕ್ಕೆ ಸಾಗಾಣಿಕೆ 6,000 ಸೇರಿಸಿ. ಇಂಜಿನ್ ಇಳಿಸಿದ ಮೇಲೆ ಕ್ಲಚ್ ಹಳೆಯದನ್ನೇ ಬಿಡುವುದು ಮೂರ್ಖತನ, ಅದು 7,300. ವಾಟರ್ ಪಂಪ್, ಹೋಸ್, ಥರ್ಮೋಸ್ಟಾಟ್ 4,450. ಆಯಿಲ್, ಫಿಲ್ಟರ್, ಕೂಲೆಂಟ್ 5,150. ಇಳಿಸಿ ಏರಿಸುವ ಕೂಲಿ 8,000. ಒಟ್ಟು 1,00,900. ಇಷ್ಟು ಕೊಟ್ಟೂ ಒಳಗಿನ ಬೋರ್, ಬೇರಿಂಗ್ ಹೇಗಿದೆ ಎಂದು ಯಾರೂ ಬರೆದುಕೊಡುವುದಿಲ್ಲ. ಅಂಗಡಿಯ ನೆಲದ ಮೇಲಿಟ್ಟು ಬ್ಯಾಟರಿ ಕೊಟ್ಟು ಸ್ಟಾರ್ಟ್ ಮಾಡಿ ತೋರಿಸುತ್ತಾರೆ. ಲೋಡ್ ಇಲ್ಲದೆ ಯಾವ ಇಂಜಿನ್ನೂ ಚೆನ್ನಾಗೇ ತಿರುಗುತ್ತದೆ.

ಕಾಗದದ ವಿಚಾರ ಅದಕ್ಕಿಂತ ದೊಡ್ಡದು. ಇಂಜಿನ್ ಬದಲಿಸಿದರೆ ಆರ್‌ಸಿಯಲ್ಲಿರುವ ಇಂಜಿನ್ ನಂಬರ್ ತಾಳೆಯಾಗುವುದಿಲ್ಲ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಟಿಒ ಅನುಮತಿ ಬೇಕು. ಅನುಮತಿ ಇಲ್ಲದೆ ಇಂಜಿನ್ ಬದಲಾಗಿದ್ದರೆ 14 ದಿನದೊಳಗೆ ತಿಳಿಸಿ ಆರ್‌ಸಿ ಒಪ್ಪಿಸಬೇಕು. ಗುಜರಿ ಇಂಜಿನ್ ಯಾವ ಗಾಡಿಯಿಂದ ಬಂತು ಎಂಬುದಕ್ಕೆ ಕಾಗದ ಕೇಳಿದಾಗ ಅಂಗಡಿಯವರು ಕೈಬರಹದ ಬಿಲ್ ಮಾತ್ರ ಕೊಡುತ್ತೇವೆ ಎಂದರು. 15 ವರ್ಷ ದಾಟಿದ ಗಾಡಿಗೆ ಐದೈದು ವರ್ಷಕ್ಕೆ ನೋಂದಣಿ ನವೀಕರಣ ಇದೆ. ಈ ಗಾಡಿಯದು 2022ರಲ್ಲಿ ಆಗಿದೆ, ಮುಂದಿನದು 2027ಕ್ಕೆ. ಆಗ ಬ್ಲಾಕಿನ ಮೇಲಿನ ನಂಬರ್ ನೋಡಿಯೇ ನೋಡುತ್ತಾರೆ. ಹಳೆಯ ಬ್ಲಾಕ್ ಉಳಿದರೆ ಈ ತಲೆನೋವು ಒಂದೂ ಇಲ್ಲ.

ಆದರೂ ತೀರ್ಮಾನ ಆ ದಿನ ಮಾಡಲಿಲ್ಲ. ಬ್ಲಾಕ್ ಬಿರುಕು ಬಿಟ್ಟಿದ್ದರೆ, ಮೇನ್ ಬೇರಿಂಗ್ ಕೂರುವ ಜಾಗ ತಿರುಗಿ ಸವೆದಿದ್ದರೆ, ಕ್ರ್ಯಾಂಕ್ ಮೊದಲೇ ಥರ್ಟಿ ಸೈಜಿಗೆ (ಉಜ್ಜಿ ಇಂಚಿನ ಸಾವಿರದ 30 ಭಾಗ ಸಣ್ಣದಾಗುವುದು) ಹೋಗಿ ಇನ್ನೂ ಉಜ್ಜಬೇಕಿದ್ದರೆ ಬೋರಿಂಗ್‌ಗೆ ಹಣ ಹಾಕುವುದು ವ್ಯರ್ಥ. ಬಿಚ್ಚಿ ಅಳೆದ ಮೇಲೆಯೇ ಮಾತು ಎಂದುಕೊಂಡೆವು.

ಏಪ್ರಿಲ್ 8, 9: ಇಳಿಸಿದ್ದು

ಬಾನೆಟ್, ಮುಂದಿನ ಗ್ರಿಲ್, ರೇಡಿಯೇಟರ್ ತೆಗೆದರೆ ಮೇಜರಿನಲ್ಲಿ ಜಾಗ ಧಾರಾಳ. ಗೇರ್‌ಬಾಕ್ಸ್ ಗಾಡಿಯಲ್ಲೇ ಬಿಟ್ಟೆವು, ಅದರ ಮೂತಿಯ ಕೆಳಗೆ ಸಿಲ್ವರ್ ಮರದ ದಿಮ್ಮಿ ಕೊಟ್ಟು. ಶೆಡ್ಡಿನ ತೊಲೆಗೆ 1 ಟನ್ ಚೈನ್ ಬ್ಲಾಕ್. ತೊಲೆಯ ಎರಡೂ ಬದಿಗೆ ಕಂಬ ಒತ್ತುಕೊಡದೆ ಎತ್ತಬೇಡಿ.

ವೈರು, ಪೈಪು ಬಿಚ್ಚುವಾಗ ಪ್ರತಿಯೊಂದಕ್ಕೂ ಬಣ್ಣದ ಟೇಪ್ ಸುತ್ತಿ ಫೋಟೊ ತೆಗೆದಿಟ್ಟೆವು. ಡೀಸೆಲ್ ಪೈಪಿನ ಬಾಯಿಗೆ ಕೂಡಲೇ ಪ್ಲಾಸ್ಟಿಕ್ ಕಟ್ಟಬೇಕು. ಒಂದು ಕಣ ಧೂಳು ಹೊಸ ನಾಜಲ್ ಕೆಡಿಸಲು ಸಾಕು.

ಇಳಿಸುವಾಗಲೇ ಸವೆತದ ಮೂಲ ಸಿಕ್ಕಿತು. ಏರ್ ಕ್ಲೀನರಿನಿಂದ ಇಂಜಿನ್‌ಗೆ ಬರುವ ರಬ್ಬರ್ ಹೋಸಿನ ಕೆಳಗಡೆ, ಕ್ಲಿಪ್ಪಿನ ಪಕ್ಕದಲ್ಲಿ 4 ಸೆಂ.ಮೀ. ಸೀಳು. ಮೇಲಿನಿಂದ ಕಾಣುವುದೇ ಇಲ್ಲ. ಒಳಗೆ ಕೈ ಹಾಕಿದರೆ ಬೆರಳಿಗೆ ಕೆಂಪು ಮಣ್ಣು ಮೆತ್ತಿಕೊಂಡಿತು. ಫಿಲ್ಟರ್ ಎಷ್ಟು ಚೆನ್ನಾಗಿದ್ದರೇನು, ಫೆಬ್ರವರಿ ಮಾರ್ಚಿನ ತೋಟದ ಧೂಳೆಲ್ಲ ಈ ಸೀಳಿನಿಂದ ನೇರ ಬೋರಿಗೆ ಹೋಗಿದೆ. 450 ರೂಪಾಯಿಯ ಹೋಸ್. ಇದನ್ನು ನೋಡದೆ ಬೇರೆ ಇಂಜಿನ್ ಇಟ್ಟಿದ್ದರೆ ಅದೂ ಎರಡು ವರ್ಷಕ್ಕೆ ಇದೇ ಗತಿ.

ಎರಡನೇ ಮೂಲ ನೀರು. ಕೂಲೆಂಟ್ ಬದಲು ತೋಡಿನ ನೀರು ತುಂಬಿ ಓಡಿಸಿದ್ದರಿಂದ ಬ್ಲಾಕಿನ ಒಳಗೆ ಹಿಂಬದಿಯಲ್ಲಿ ಎರಡು ಬೆರಳು ದಪ್ಪ ತುಕ್ಕಿನ ಕೆಸರು. ವಾಟರ್ ಪ್ಲಗ್ಗುಗಳಲ್ಲಿ ಎರಡು ಕಾಗದದಷ್ಟು ತೆಳುವಾಗಿದ್ದವು. ಸ್ಕ್ರೂಡ್ರೈವರ್ ತಾಗಿಸಿದರೆ ತೂತು.

ಏಪ್ರಿಲ್ 10: ಅಳತೆ

ಬಿಚ್ಚುವ ಮುನ್ನ ನಾಲ್ಕೂ ಪಿಸ್ಟನ್ ಪೂರ್ತಿ ಮೇಲೆ ತಂದು ಬ್ಲಾಕಿನ ಮೇಲ್ಮೈಗೆ ಹೋಲಿಸಿ ಡಯಲ್ ಗೇಜಿನಲ್ಲಿ ನೋಡಿದೆವು. ಮಳೆಗಾಲದಲ್ಲಿ ತೋಡು ದಾಟುವ ಗಾಡಿ, ನೀರು ಎಳೆದಿದ್ದರೆ ಒಂದು ಪಿಸ್ಟನ್ ತಗ್ಗಿ ನಿಲ್ಲುತ್ತದೆ. ನಾಲ್ಕೂ 0.08 ಮಿ.ಮೀ. ಒಳಗೇ ಇದ್ದವು. ಕಾನ್‌ರಾಡ್ ನೇರವಾಗಿವೆ.

ಬೋರ್ ಗೇಜ್: 2ನೇ ಸಿಲಿಂಡರ್ ಮೇಲೆ 89.16, ಕೆಳಗೆ 88.94. ಟೇಪರ್ 0.22 ಮಿ.ಮೀ. 1ನೆಯದು ಮೇಲೆ 89.09. ಮೇಲಂಚಿನಲ್ಲಿ ಉಗುರು ತಡೆಯುವಷ್ಟು ಮೆಟ್ಟಿಲು.

ರಿಂಗ್ ಮಾತ್ರ ಬದಲಿಸುವ ದಾರಿ ಇಲ್ಲಿಗೆ ಮುಚ್ಚಿತು. 0.22 ಟೇಪರ್ ಎಂದರೆ ರಿಂಗಿನ ಬಾಯಿ ಪ್ರತಿ ಸಲ ಮೇಲೆ ಕೆಳಗೆ ಹೋಗುವಾಗ ಸುಮಾರು 0.7 ಮಿ.ಮೀ. ತೆರೆದು ಮುಚ್ಚುತ್ತದೆ. ಹೊಸ ರಿಂಗ್ ಆ ಮೆಟ್ಟಿಲಿಗೆ ಬಡಿದು ಮುರಿಯುವುದೂ ಉಂಟು. 18,000 ಕೊಟ್ಟು ಆರು ತಿಂಗಳಿಗೆ ಮತ್ತೆ ಇಳಿಸುವ ಕೆಲಸ ಅದು.

ಕ್ರ್ಯಾಂಕ್: ಹಿಂದೆ ಒಮ್ಮೆ ಟೆನ್ ಸೈಜಿಗೆ ಹೋಗಿದೆ. 3ನೇ ಕಾನ್‌ರಾಡ್ ಕೂರುವ ಜಾಗ 0.06 ಮಿ.ಮೀ. ಮೊಟ್ಟೆಯಾಕಾರ, ಗೀರುಗಳಿವೆ. ಟ್ವೆಂಟಿಗೆ ಉಜ್ಜಿದರೆ ಸಾಕು, ಥರ್ಟಿ ಇನ್ನೂ ಕೈಯಲ್ಲಿ ಉಳಿಯುತ್ತದೆ. ಮೇನ್ ಬೇರಿಂಗ್ ಗೂಡುಗಳು ಐದೂ ಸರಿ. ಬ್ಲಾಕಿಗೆ ಬಣ್ಣದ ದ್ರವ ಹಚ್ಚಿ ನೋಡಿದರೆ ಬಿರುಕಿಲ್ಲ.

ಹೆಡ್: 2 ಮತ್ತು 3ರ ನಡುವೆ ಸ್ಟ್ರೈಟ್ ಎಡ್ಜ್ ಕೆಳಗೆ 0.14 ಮಿ.ಮೀ. ಫೀಲರ್ (ಸಂದು ಅಳೆಯುವ ತೆಳು ಪಟ್ಟಿ) ತೂರಿತು. 3ನೇ ಎಕ್ಸಾಸ್ಟ್ ವಾಲ್ವ್ ಅಂಚು ಸುಟ್ಟಿದೆ. ಮಾರ್ಚಿನ ಗ್ಯಾಸ್ಕೆಟ್ ಯಾಕೆ ನಿಲ್ಲಲಿಲ್ಲ ಎಂಬುದಕ್ಕೆ ಉತ್ತರ ಇಲ್ಲೇ ಇತ್ತು.

ಬ್ಲಾಕ್, ಕ್ರ್ಯಾಂಕ್ ಎರಡೂ ಉಳಿಯುವಂತಿವೆ. ಬೋರಿಂಗ್ ಎಂದು ತೀರ್ಮಾನವಾಯಿತು.

ಏಪ್ರಿಲ್ 12ರಿಂದ 27: ಲೇತಿನಲ್ಲಿ

ಹೇಳಿ ಬರೆಸಿದ್ದು: ಹಳೆ ಲೈನರ್ ತೆಗೆದು ಹೊಸದನ್ನು ಪ್ರೆಸ್ ಮಾಡಿ, ಆಮೇಲೆ ಪಿಸ್ಟನ್ ಕೈಯಲ್ಲಿಟ್ಟುಕೊಂಡು, ಒಂದೊಂದನ್ನೂ ಅಳೆದು, ಅದರದರ ಬೋರ್ ಕೊರೆದು ಹಾನಿಂಗ್ (ಕಲ್ಲಿನಲ್ಲಿ ನವಿರಾಗಿ ಉಜ್ಜುವುದು) ಮಾಡಬೇಕು. ಪಿಸ್ಟನ್, ಬೋರ್ ನಡುವಿನ ಗ್ಯಾಪ್, ಕಿಟ್ಟಿನ ಡಬ್ಬಿಯ ಮೇಲೆ ಬರೆದಷ್ಟೇ ಇರಬೇಕು. ‘ಸ್ವಲ್ಪ ಲೂಸ್ ಬಿಡೋಣ, ಜಾಮ್ ಆಗಲ್ಲ’ ಎಂದರೆ ಒಪ್ಪಬೇಡಿ, ಪಿಸ್ಟನ್ ಬಡಿಯುತ್ತದೆ. ಕ್ರ್ಯಾಂಕ್ ಉಜ್ಜುವಾಗ ಮೂಲೆಯ ದುಂಡು ಉಳಿಸಬೇಕು. ಆ ಮೂಲೆ ಚೂಪಾದರೆ ಕ್ರ್ಯಾಂಕ್ ಅಲ್ಲಿಂದಲೇ ಮುರಿಯುತ್ತದೆ. ಬಿಲ್ಲಿನಲ್ಲಿ ಇದಾವುದೂ ಕಾಣುವುದಿಲ್ಲ, ಬಾಯಿಬಿಟ್ಟು ಕೇಳಲೇಬೇಕು.

22ನೇ ತಾರೀಕು ಬ್ಲಾಕ್ ಬಂತು. ಸ್ಟ್ರೈಟ್ ಎಡ್ಜ್ ಇಟ್ಟರೆ 4ನೇ ಲೈನರ್ ಉಳಿದ ಮೂರಕ್ಕಿಂತ 0.10 ಮಿ.ಮೀ. ಎದ್ದಿತ್ತು. ಕೂರುವ ಜಾಗದ ತುಕ್ಕು ಕೆರೆಯದೆ ಪ್ರೆಸ್ ಮಾಡಿದ್ದರು. ಹಾಗೇ ಹೆಡ್ ಕೂರಿಸಿದ್ದರೆ 3 ಮತ್ತು 4ರ ನಡುವೆ ಗ್ಯಾಸ್ಕೆಟ್ ಒಂದೇ ತಿಂಗಳು. ವಾಪಸ್ ಕಳಿಸಿ ಸರಿಮಾಡಿಸಿದ್ದಕ್ಕೆ ಐದು ದಿನ ಹೋಯಿತು. ಲೇತಿನಿಂದ ಬಂದ ಬ್ಲಾಕನ್ನು ಮನೆಯಲ್ಲಿ ಮತ್ತೆ ಅಳೆಯದೆ ಜೋಡಿಸಬಾರದು.

ಹೆಡ್ ಸ್ಕಿಮ್ (ಮೇಲ್ಮೈ ಕೆತ್ತಿ ಸಮ ಮಾಡುವುದು) ಆದ ಮೇಲೆ ಎರಡು ಅಳತೆ ನೋಡಬೇಕು. ವಾಲ್ವ್ ಹೆಡ್ಡಿನ ಮೇಲ್ಮೈಯಿಂದ ಎಷ್ಟು ಒಳಗಿದೆ, ನಾಜಲ್ ತುದಿ ಎಷ್ಟು ಹೊರಗಿದೆ. ಡೈರೆಕ್ಟ್ ಇಂಜೆಕ್ಷನ್ ಇಂಜಿನ್ ಆದ್ದರಿಂದ ನಾಜಲ್ ತುದಿ ನೇರ ಪಿಸ್ಟನ್ ಬಟ್ಟಲಿಗೆ ಸಿಂಪಡಿಸುತ್ತದೆ. ಹಳೆಯ ತಾಮ್ರದ ವಾಷರ್ ಮೇಲೆ ಹೊಸದನ್ನೂ ಹಾಕಿ ಎರಡು ಮಾಡಿದರೆ ಸಿಂಪಡಿಕೆ ಬಟ್ಟಲಿನ ಅಂಚಿಗೆ ಹೊಡೆದು ಕರಿ ಹೊಗೆ. ಇಲ್ಲಿ 1ನೇ ನಾಜಲ್ ಗುಂಡಿಯಲ್ಲಿ ಹಳೆ ವಾಷರ್ ಅಂಟಿಕೊಂಡೇ ಇತ್ತು, ಟಾರ್ಚ್ ಹಾಕಿದಾಗ ಕಂಡಿತು.

ಏಪ್ರಿಲ್ 29: ತೊಳೆದದ್ದು

ಇಡೀ ಕೆಲಸದಲ್ಲಿ ಹೆಚ್ಚು ಜನ ಉಡಾಫೆ ಮಾಡುವ ಹಂತ ಇದು, ಇಂಜಿನ್ನಿನ ಆಯುಸ್ಸು ನಿಂತಿರುವುದೂ ಇದರ ಮೇಲೆ. ಹಾನಿಂಗ್ ಕಲ್ಲಿನ ಪುಡಿ ಬೋರಿನ ಗೀರುಗಳಲ್ಲಿ ಕೂತಿರುತ್ತದೆ. ಡೀಸೆಲ್ಲಿನಲ್ಲಿ ತೊಳೆದರೆ ಹೋಗುವುದಿಲ್ಲ, ಇನ್ನೂ ಒಳಗೆ ಇಳಿಯುತ್ತದೆ. ಬಿಸಿನೀರು, ಬಟ್ಟೆ ಸೋಪಿನ ಪುಡಿ, ಬ್ರಷ್. ಬಿಳಿ ಪಂಚೆಯ ತುಂಡಿನಲ್ಲಿ ಬೋರ್ ಒರೆಸಿದರೆ ಬೂದು ಬಣ್ಣ ಬರಬಾರದು. ಆರು ಸಲ ತೊಳೆದ ಮೇಲೆ ಬಟ್ಟೆ ಬಿಳಿಯಾಗಿ ಬಂತು.

ಆಯಿಲ್ ಗ್ಯಾಲರಿಯ ಪ್ಲಗ್ಗುಗಳನ್ನು ಬಿಚ್ಚಿಯೇ ತೊಳೆಯಬೇಕು. ಒಂದು ಪ್ಲಗ್ ಬರದೆ ಇದ್ದಾಗ ಬಿಟ್ಟುಬಿಡೋಣ ಎಂದು ಮೆಕ್ಯಾನಿಕ್ ಹೇಳಿದರು. ಬಿಸಿ ಮಾಡಿ ತೆಗೆದಾಗ ಅದರ ಹಿಂದೆ ಒಂದು ಚಮಚದಷ್ಟು ಕಪ್ಪು ಗಷ್ಟು, ಅದರಲ್ಲಿ ಹಳೆ ಬೇರಿಂಗಿನ ಹೊಳೆಯುವ ಚೂರು. ಅದು ಹೊಸ ಬೇರಿಂಗಿಗೇ ಹೋಗುತ್ತಿತ್ತು.

ಒಣಗಿದ ಕೂಡಲೇ ಆಯಿಲ್ ಹಚ್ಚಿ. ಸಂಜೆ ಮಳೆ ಬರುವ ನಮ್ಮ ಏಪ್ರಿಲಿನ ತೇವದಲ್ಲಿ ಬರಿ ಕಬ್ಬಿಣ ಒಂದು ಗಂಟೆಗೇ ಕೆಂಪಾಗುತ್ತದೆ.

ಮೇ 1ರಿಂದ 4: ಜೋಡಣೆ

ರಿಂಗ್ ಬಾಯಿ: ಪ್ರತಿ ರಿಂಗನ್ನೂ ಅದರ ಬೋರಿನಲ್ಲೇ ಇಟ್ಟು, ಪಿಸ್ಟನ್ ತಲೆಯಿಂದ ನೇರ ತಳ್ಳಿ, ಫೀಲರ್‌ನಲ್ಲಿ ನೋಡಿದೆವು. 0.35ರಿಂದ 0.42 ಮಿ.ಮೀ. ಬಂತು. ಒಂದು ರಿಂಗ್ ಮಾತ್ರ 0.20 ಇತ್ತು, ಅರದಿಂದ ಉಜ್ಜಿ ಸರಿಮಾಡಿದೆವು. ಹಾಗೇ ಬಿಟ್ಟಿದ್ದರೆ ಬಿಸಿಗೆ ಹಿಗ್ಗಿ ಬಾಯಿ ಕೂಡಿಕೊಂಡು ಬೋರ್ ಗೀರುತ್ತಿತ್ತು. ಬಾಯಿಗಳನ್ನು ಒಂದರ ನೇರಕ್ಕೆ ಇನ್ನೊಂದು ಬಾರದಂತೆ ತಿರುಗಿಸಿ ಕೂರಿಸಬೇಕು, ಗುರುತಿರುವ ಬದಿ ಮೇಲೆ.

ಪ್ರತಿ ಬೇರಿಂಗ್ ಕ್ಯಾಪ್ ಬಿಗಿದ ಮೇಲೂ ಕ್ರ್ಯಾಂಕ್ ಕೈಯಲ್ಲಿ ತಿರುಗಿಸಿ ನೋಡಿದೆವು. ಯಾವ ಕ್ಯಾಪಿಗೆ ಬಿಗಿಯಾಯಿತು ಎಂದು ಆಗಲೇ ತಿಳಿಯುತ್ತದೆ, ಐದನ್ನೂ ಬಿಗಿದ ಮೇಲೆ ತಿಳಿಯುವುದಿಲ್ಲ.

ಹೆಡ್ ಬೋಲ್ಟಿನ ಗುಂಡಿಯಲ್ಲಿ ಆಯಿಲ್, ನೀರು ನಿಂತಿರಬಾರದು. ಬೋಲ್ಟ್ ಬಿಗಿಯುವಾಗ ಅದು ಒತ್ತಿ ಬ್ಲಾಕ್ ಸೀಳುತ್ತದೆ. ಗಾಳಿ ಹೊಡೆದು ಒಣಗಿಸಿ, ನಡುವಿನಿಂದ ಹೊರಕ್ಕೆ, ಮೂರು ಹಂತದಲ್ಲಿ, ಟಾರ್ಕ್ ವ್ರೆಂಚಿನಲ್ಲಿ. ಟ್ಯಾಪೆಟ್‌ಗೆ (ವಾಲ್ವಿನ ಸಂದು ಹೊಂದಿಸಲು): ಫೈರಿಂಗ್ ಆರ್ಡರ್ (ಸಿಲಿಂಡರುಗಳು ಉರಿಯುವ ಸರದಿ) 1-3-4-2, ಹಾಗಾಗಿ 4ರ ಎರಡು ವಾಲ್ವ್ ಒಂದು ಏಳುತ್ತ ಒಂದು ಕೂರುತ್ತ ಇರುವಾಗ 1ರದ್ದನ್ನು ಹೊಂದಿಸಿ. 2ಕ್ಕೆ 3, 3ಕ್ಕೆ 2, 4ಕ್ಕೆ 1.

ಮೇ 6: ಸ್ಟಾರ್ಟ್

ಮೊದಲು ಸ್ಟಾಪ್ ಲಿವರ್ ಎಳೆದು ಹಿಡಿದು ಹತ್ತು ಹತ್ತು ಸೆಕೆಂಡ್ ಸೆಲ್ಫ್. ನಾಲ್ಕು ಸಲಕ್ಕೂ ಪ್ರೆಶರ್ ಬರಲಿಲ್ಲ. ಆಯಿಲ್ ಪಂಪ್ ಜೋಡಿಸುವಾಗ ಒಳಗೆ ಆಯಿಲ್ ತುಂಬಿಸಲು ಮರೆತದ್ದೇ ಕಾರಣ. ಪ್ರೆಶರ್ ಸ್ವಿಚ್ ಬಿಚ್ಚಿ, ಆ ತೂತಿನಿಂದ ಆಯಿಲ್ ಕ್ಯಾನಿನಲ್ಲಿ ಕಾಲು ಲೀಟರ್ ತಳ್ಳಿದ ಮೇಲೆ ಐದನೇ ಸಲಕ್ಕೆ ಮುಳ್ಳು ಎದ್ದಿತು. ಆಮೇಲೆ ಹ್ಯಾಂಡ್ ಪ್ರೈಮರಿನಿಂದ ಡೀಸೆಲ್ ಏರ್ ತೆಗೆದು, ಸ್ಟಾರ್ಟ್.

ರಾತ್ರಿಯಿಡೀ ಐಡ್ಲಿಂಗ್‌ನಲ್ಲಿ ಬಿಡಿ ಎಂಬ ಸಲಹೆ ಎಲ್ಲ ಗ್ಯಾರೇಜಿನಲ್ಲೂ ಸಿಗುತ್ತದೆ. ಮಾಡಬೇಡಿ. ಲೋಡ್ ಇಲ್ಲದೆ ರಿಂಗ್ ಬೋರಿಗೆ ಒತ್ತುವುದಿಲ್ಲ, ಬೋರ್ ಕನ್ನಡಿಯಂತೆ ನುಣುಪಾಗಿ ಆಮೇಲೆ ಆಯಿಲ್ ಕುಡಿಯುವುದು ನಿಲ್ಲುವುದೇ ಇಲ್ಲ. 20 ನಿಮಿಷ ಚುರುಕು ಐಡ್ಲಿಂಗ್, ಲೀಕ್ ಪರೀಕ್ಷೆ, ತಣಿದ ಮೇಲೆ ಟ್ಯಾಪೆಟ್ ಇನ್ನೊಮ್ಮೆ. ಮರುದಿನದಿಂದ ಅರ್ಧ ಲೋಡಿನಲ್ಲಿ ರಸ್ತೆಗೆ. ಏರಿನಲ್ಲಿ ಟಾಪ್ ಗೇರಿನಲ್ಲಿ ಎಳೆಸಬಾರದು, ಗೇರ್ ಇಳಿಸಿ ಹಗುರವಾಗಿ ಹತ್ತಿಸಬೇಕು.

ಮೇ 9: ಎರಡನೇ ಸೋಲು

40 ಕಿ.ಮೀ. ಆದಾಗ ಬೆಲ್ ಹೌಸಿಂಗ್ (ಇಂಜಿನ್, ಗೇರ್‌ಬಾಕ್ಸ್ ಕೂಡುವ ಜಾಗ) ಕೆಳಗೆ ಆಯಿಲ್ ಹನಿ. ಗೇರ್‌ಬಾಕ್ಸ್ ಇಳಿಸಿ ನೋಡಿದರೆ ಹಿಂದಿನ ಕ್ರ್ಯಾಂಕ್ ಸೀಲಿನ ತುಟಿ ಒಂದು ಕಡೆ ಮಡಚಿದೆ. ಒಣ ಸೀಲ್ ತಳ್ಳಿದ್ದರಿಂದ ಆದದ್ದು. ತುಟಿಗೆ ಆಯಿಲ್ ಸವರಿ, ಶಾಫ್ಟಿನ ಅಂಚಿಗೆ ತೆಳು ಪ್ಲಾಸ್ಟಿಕ್ ಹಾಳೆ ಸುತ್ತಿ ಜಾರಿಸಿದ್ದರೆ ಸಾಕಿತ್ತು. 2,400 ರೂ. ಮತ್ತು ಒಂದೂವರೆ ದಿನ.

ಖರ್ಚು, ರೂಪಾಯಿಗಳಲ್ಲಿ

ಲೈನರ್, ಪಿಸ್ಟನ್, ರಿಂಗ್ ಕಿಟ್ 11,800
ಪ್ರೆಸ್ಸಿಂಗ್, ಬೋರಿಂಗ್, ಹಾನಿಂಗ್ 5,200
ಕ್ರ್ಯಾಂಕ್ ಗ್ರೈಂಡಿಂಗ್ 3,600
ಬೇರಿಂಗ್ ಸೆಟ್ 4,900
ಹೆಡ್ ಕೆಲಸ, ವಾಲ್ವ್, ಗೈಡ್ ಸೇರಿ 9,400
ಗ್ಯಾಸ್ಕೆಟ್ ಸೆಟ್ 3,900
ನಾಜಲ್, ಪಂಪ್ ಕ್ಯಾಲಿಬ್ರೇಷನ್ 12,600
ಆಯಿಲ್ ಪಂಪ್ 2,700
ಕ್ಲಚ್ ಪೂರ್ತಿ 7,300
ವಾಟರ್ ಪಂಪ್, ಥರ್ಮೋಸ್ಟಾಟ್, ಪ್ಲಗ್, ಏರ್ ಹೋಸ್ ಸೇರಿ ಎಲ್ಲ ಹೋಸ್ 4,450
ಆಯಿಲ್, ಫಿಲ್ಟರ್, ಕೂಲೆಂಟ್ 5,150
ಕೂಲಿ 15,000
ಸಾಗಾಣಿಕೆ 2,800

ಒಟ್ಟು 88,800. ನಮ್ಮ ತಪ್ಪಿನಿಂದ ಹೋದದ್ದು ಮಾರ್ಚಿನ 4,600, ಸೀಲಿನ 2,400. ಎಲ್ಲ ಸೇರಿ 95,800.

ಜೂನ್ 2

30 ಗಂಟೆ ಓಡಿದೆ. ಮೊದಲ ಆಯಿಲ್ 10 ಗಂಟೆಗೇ ಬದಲಿಸಿದ್ದಾಯಿತು. ಫಿಲ್ಟರ್ ಕತ್ತರಿಸಿ ಬಿಡಿಸಿ ನೋಡಿದರೆ ನವಿರಾದ ಬೂದು ಪುಡಿ ಮಾತ್ರ, ಚೂರುಗಳಿಲ್ಲ. ಕಂಪ್ರೆಷನ್ 355, 350, 350, 345. ಬಿಸಿ ಐಡ್ಲಿಂಗ್ ಪ್ರೆಶರ್ 28. ಆಯಿಲ್ ಡಿಪ್‌ಸ್ಟಿಕ್‌ನಲ್ಲಿ ಒಂದು ಗೆರೆಯೂ ಇಳಿದಿಲ್ಲ. ಡ್ಯಾಶ್‌ಬೋರ್ಡ್ ಕೆಳಗೆ ಅವರ್ ಮೀಟರ್ ಕೂರಿಸಿದ್ದೇವೆ, ಮುಂದಿನ ಆಯಿಲ್ 100 ಗಂಟೆಗೆ. ಟ್ಯಾಪೆಟ್ ಕವರಿನ ಹಿಂದಿನ ಮೂಲೆಯಲ್ಲಿ ಸ್ವಲ್ಪ ಜಿನುಗು ಇದೆ, ಕಾರ್ಕ್ ಪ್ಯಾಕಿಂಗ್ ಬದಲಿಸಬೇಕು.